ಒಮ್ಮೆ ಸುಟ್ಟ ಅಕ್ಷರ

ವೈಶಾಖ ಮಾಸದ ಒಂದು ಮಧ್ಯಾಹ್ನ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನಲ್ಲಿ ಸಾಂಬ್ರಾಣಿ ಎಂಬುದೊಂದು ಗ್ರಾಮ. ಹೆಸರು ಕೇಳಿದೊಡನೆ ದೇವರಮನೆಯ ಧೂಪದ ನೆನಪಾಗುವುದು ಸಹಜ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಏಳುತ್ತಿರುವುದು ಬಿಸಿಲಿನ ಝಳ. ಊರಿನ ಒಂದು ಮನೆಯ ಕಟ್ಟೆಯ ಮೇಲೆ ವಯಸ್ಸಾದ ಯಜಮಾನರೊಬ್ಬರು ಮೊಬೈಲನ್ನು ಗೋಡೆಗೆ ಒರಗಿಸಿಟ್ಟುಕೊಂಡು ಕುಸ್ತಿ ನೋಡುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಹಳಿಯಾಳದ ಸೀಮೆಗೆ ಕುಸ್ತಿಯ ಹುಚ್ಚು ಎಷ್ಟೆಂಬುದನ್ನು ಬಲ್ಲವರೇ ಬಲ್ಲರು. ಪೈಲವಾನನು ಎದುರಾಳಿಯ ಕಾಲಿಗೆ ಕೈಹಾಕಿದ್ದಾನೆ. ಇನ್ನೇನು ಚಿತ್ ಮಾಡಬೇಕು. ಅಷ್ಟರಲ್ಲಿ ಪರದೆ ಮಂಕಾಯಿತು. ಉಪಕರಣ ಬಿಸಿಯಾಗಿದೆ ಎಂದು ಅಕ್ಷರಗಳು ಮೂಡಿದವು.

“ಏನವ್ವಾ, ಇದಕ್ಕೂ ಜ್ವರ ಬಂದೈತೇನ?” ಎಂದರು ಯಜಮಾನರು.

ಒಳಗಿನಿಂದ ಮೊಮ್ಮಗಳು ಬಂದಳು. ಹಳಿಯಾಳದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. “ಹೌದ ಅಜ್ಜಾ, ಸ್ವಲ್ಪ ಹೊತ್ತು ನೆರಳಾಗ ಇಡ್ರಿ, ಇಳೀತೈತಿ.”

“ಅಲ್ಲಾ, ತನ್ನ ಮೈ ಎಷ್ಟು ಬಿಸಿ ಆಗೈತಿ ಅನ್ನೂದು ಇದಕ್ಕ ಹ್ಯಾಂಗ ಗೊತ್ತಾತು?”

ಈ ಪ್ರಶ್ನೆಯನ್ನು ವಾಚಕರು ಹಗುರವಾಗಿ ಎಣಿಸಬಾರದು. ಮೊಬೈಲಿನ ಹೊಟ್ಟೆಯೊಳಗಿನ ಚಿಪ್ಪಿನಲ್ಲಿ ತಾಪವನ್ನು ಅಳೆಯುವ ಸೂಕ್ಷ್ಮವಾದ ಅಂಗವೊಂದುಂಟು ಎಂದರೆ ಅರ್ಧ ಉತ್ತರ ಹೇಳಿದಂತಾಯಿತು. ಮಿಕ್ಕ ಅರ್ಧವೇ ಸ್ವಾರಸ್ಯವಾದುದು. ಒಂದೇ ಕಾವಲಿಯ ಮೇಲೆ, ಒಂದೇ ಹಿಟ್ಟಿನಿಂದ, ಒಂದೇ ಕೈ ಹುಯ್ದ ಎರಡು ದೋಸೆಗಳು ಒಂದೇ ತೆರನಾಗಿರುವುದಿಲ್ಲ. ಒಂದರ ಅಂಚು ಗರಿಯಾದರೆ ಇನ್ನೊಂದರ ನಡು ಮೆತ್ತಗಿರುತ್ತದೆ. ಚಿಪ್ಪುಗಳ ಸಂಗತಿಯೂ ಹೀಗೆಯೇ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿ ತೆಗೆದ ಎರಡು ಚಿಪ್ಪುಗಳು ಅಣ್ಣತಮ್ಮಂದಿರಂತೆ ಕಂಡರೂ ಸ್ವಭಾವ ಬೇರೆ. ಅದೇ ತಾಪಕ್ಕೆ ಒಂದರ ಅಳತೆಯ ಅಂಗ ಒಂದು ಅಂಕಿಯನ್ನು ಹೇಳಿದರೆ, ಮತ್ತೊಂದರದು ಬೇರೆಯೇ ಅಂಕಿಯನ್ನು ಹೇಳುವುದು. ಆದಕಾರಣ ಕಾರ್ಖಾನೆಯಲ್ಲಿ ಗೊತ್ತಿರುವ ಒಂದು ತಾಪದಲ್ಲಿ ಚಿಪ್ಪನ್ನಿಟ್ಟು, ಅದು ಎಷ್ಟು ಹೇಳುತ್ತದೆಂದು ನೋಡಿ, ಆ ಅಂಕಿಯನ್ನು ಅದೇ ಚಿಪ್ಪಿನ ಒಂದು ಮೂಲೆಯಲ್ಲಿ ಎಂದೆಂದಿಗೂ ಅಳಿಯದಂತೆ ಬರೆದು ಕಳುಹಿಸುವುದುಂಟು. ಮುಂದೆ ತನ್ನ ಬಿಸಿಯನ್ನು ತಿಳಿಯಬೇಕಾದಾಗಲೆಲ್ಲ ಯಂತ್ರವು ಆ ಬರಹವನ್ನು ಓದಿ, ಅದಕ್ಕೆ ಹೋಲಿಸಿ ಲೆಕ್ಕ ಹಾಕಬೇಕು.

ಹೀಗೆ ಬರೆಯುವುದಕ್ಕೆ ಕುಶಲಿಗಳ ಭಾಷೆಯಲ್ಲಿ ‘ಸುಡುವುದು’ ಎಂದು ಹೆಸರು. ಈ ಮಾತಿಗೊಂದು ಇತಿಹಾಸವಿದೆ. 1956ರಲ್ಲಿ, ಎಂದರೆ ಕನ್ನಡ ನಾಡು ಒಂದಾಗಿ ಹಳಿಯಾಳದ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಮೆರಿಕದ ಬಾಷ್ ಆರ್ಮಾ ಎಂಬ ಸಂಸ್ಥೆಯಲ್ಲಿ ವೆನ್ ತ್ಸಿಂಗ್ ಚೌ ಎಂಬವರು ಅಟ್ಲಾಸ್ ಕ್ಷಿಪಣಿಯ ಗಣಕಕ್ಕಾಗಿ ಒಂದು ಉಪಾಯವನ್ನು ಕಂಡುಹಿಡಿದರು. ಸಾಲುಸಾಲಾಗಿ ಜೋಡಿಸಿದ ವಿದ್ಯುತ್ ಕೊಂಡಿಗಳಲ್ಲಿ ಬೇಡವಾದವುಗಳ ಎಳೆಯನ್ನು ಅಧಿಕವಾದ ವಿದ್ಯುತ್ ಹರಿಸಿ ಸುಟ್ಟುಬಿಡುವುದು. ಉಳಿದ ಎಳೆ ಒಂದು ಅಂಕಿ, ಸುಟ್ಟ ಎಳೆ ಮತ್ತೊಂದು ಅಂಕಿ. ಮನೆಯ ಮೀಟರಿನ ಪಕ್ಕದಲ್ಲಿರುವ ಫ್ಯೂಸು ಸುಟ್ಟರೆ ಗೃಹಿಣಿಯರು ವಿದ್ಯುತ್ ಇಲಾಖೆಯನ್ನು ಶಪಿಸುತ್ತಾರೆ. ಇಲ್ಲಿ ಫ್ಯೂಸನ್ನು ಬೇಕೆಂದೇ ಸುಡುವುದೇ ಬರವಣಿಗೆ. 2004ರಲ್ಲಿ ಐಬಿಎಂ ಸಂಸ್ಥೆಯು ಚಿಪ್ಪಿನೊಳಗೇ ಇಂಥ ಫ್ಯೂಸುಗಳನ್ನು ರಚಿಸುವ ಕ್ರಮವನ್ನು ಪ್ರಕಟಿಸಿತು. ಇಲ್ಲಿ ನಿಜವಾಗಿ ಹೊಗೆಯೇಳುವುದಿಲ್ಲ; ಬಲವಾದ ವಿದ್ಯುತ್ ಪ್ರವಾಹವು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಸೇತುವೆಯ ಲೋಹದ ಕಣಗಳನ್ನು ತಳ್ಳಿಕೊಂಡು ಹೋಗಿ ದಾರಿಯನ್ನು ಕೆಡಿಸಿಬಿಡುತ್ತದೆ. ಸೊನ್ನೆಯಿದ್ದುದು ಒಂದಾಗುವುದು, ಒಂದಾದುದು ಮರಳಿ ಸೊನ್ನೆಯಾಗದು.

ಕನ್ನಡದ ಓದುಗರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಇದು ಶಾಸನ. ಕಾಗದದ ಬರಹವನ್ನು ಅಳಿಸಿ ತಿದ್ದಬಹುದು. ಕಲ್ಲಿನ ಮೇಲೆ ಉಳಿಯ ಪೆಟ್ಟು ಬಿದ್ದಮೇಲೆ ಬಿತ್ತು. 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಶಾಸನದಲ್ಲಿ 16 ಸಾಲುಗಳಿವೆ. ಆಲ್‌ವಿನ್ನರ್ ಎಂಬ ಚೀನೀ ಸಂಸ್ಥೆಯ ಹಳೆಯ ಚಿಪ್ಪುಗಳಲ್ಲಿ ಹೀಗೆ ಸುಟ್ಟ ಬರಹ 16 ಬೈಟುಗಳು. ಗಾತ್ರದಲ್ಲಿ ಎರಡೂ ಅಲ್ಪ. ಆದರೆ ಚಿಪ್ಪಿನ ಶಾಸನದಲ್ಲಿ ಇರುವುದೇನು? ಆ ಚಿಪ್ಪಿಗೊಂದೇ ಸಲ್ಲುವ ಕ್ರಮಸಂಖ್ಯೆ, ತಾಪವನ್ನು ಸರಿಪಡಿಸಿಕೊಳ್ಳುವ ಅಂಕಿ, ಎಷ್ಟು ವೋಲ್ಟಿನಲ್ಲಿ ಅದು ಸುಖವಾಗಿ ನಡೆಯಬಲ್ಲುದೆಂಬ ಗುರುತು, ಕೆಲವದರಲ್ಲಿ ಬೀಗದ ಕೈಯಂತಹ ಗುಪ್ತ ಸಂಖ್ಯೆ. ಬೇರೆಲ್ಲಿಯೂ ಇದರ ಪ್ರತಿ ಬಳಕೆದಾರನಿಗೆ ಸಿಕ್ಕದು.

ಸಾಂಬ್ರಾಣಿಯ ಮೊಮ್ಮಗಳು ಇಷ್ಟನ್ನೇ ಚಿಕ್ಕದಾಗಿ, “ಅದರ ಕುಂಡಲಿ ಅದರ ಹೊಟ್ಟ್ಯಾಗ ಬರದಿಟ್ಟಾರ, ಅಜ್ಜಾ” ಎಂದಳೆನ್ನಿ. ಅಜ್ಜನವರು ಬಿಡುವರೇ? “ಬರದದ್ದು ಖರೆ. ಅದನ್ನ ಓದವರು ಯಾರು?”

ಓದುವವನ ಹೆಸರು ‘ಡ್ರೈವರ್’. ಬಸ್ಸಿನ ಡ್ರೈವರನಲ್ಲ, ಯಂತ್ರದ ಒಂದೊಂದು ಅಂಗವನ್ನು ನಡೆಸಲು ಬರೆದ ಚಿಕ್ಕ ಕಾರ್ಯಕ್ರಮ. ಇಂಥ ಸಾವಿರಾರು ಡ್ರೈವರುಗಳನ್ನು ತನ್ನೊಳಗಿಟ್ಟುಕೊಂಡು ಗಣಕವನ್ನು ಆಳುವ ತಿರುಳಿಗೆ ‘ಕರ್ನಲ್’ ಎನ್ನುತ್ತಾರೆ. 1991ರಲ್ಲಿ ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ಬರೆಯಲಾರಂಭಿಸಿದ ಲಿನಕ್ಸ್ ಕರ್ನಲ್ ಇಂದು ಆಂಡ್ರಾಯ್ಡ್ ಮೊಬೈಲುಗಳೆಲ್ಲದರ ಒಳಗೂ ಇದೆ. ಸಾಂಬ್ರಾಣಿಯ ಕಟ್ಟೆಯ ಮೇಲಿನದರಲ್ಲಿಯೂ ಇದೆ. ಸುಟ್ಟ ಬರಹವನ್ನು ಓದುವ ಡ್ರೈವರು ಇವುಗಳಲ್ಲಿ ಬಹು ಚಿಕ್ಕದು. ಒಂದೆರಡು ನೂರು ಸಾಲುಗಳಲ್ಲಿ ಮುಗಿದುಹೋಗುವುದೂ ಉಂಟು. ಮೊದಲು ಇವು ಒಬ್ಬೊಬ್ಬರದು ಒಂದೊಂದು ರೀತಿಯಾಗಿ ಚದರಿದ್ದವು. 2015ರಲ್ಲಿ ಬಂದ ಲಿನಕ್ಸಿನ 4.3ನೆಯ ಆವೃತ್ತಿಯಲ್ಲಿ ಶ್ರೀನಿವಾಸ ಕಂದಗಟ್ಲ ಮತ್ತು ಮ್ಯಾಕ್ಸಿಮ್ ರಿಪಾರ್ ಎಂಬವರು ಇವಕ್ಕೆಲ್ಲ ಸಮಾನವಾದ ಒಂದು ಚೌಕಟ್ಟನ್ನು ಒದಗಿಸಿದರು. ಎನ್‌ವಿಮೆಮ್ ಎಂದು ಅದರ ಹೆಸರು. ಮೊಬೈಲುಗಳಲ್ಲಿ ಹೇರಳವಾಗಿರುವ ಕ್ವಾಲ್‌ಕಾಮ್ ಚಿಪ್ಪುಗಳ ಫ್ಯೂಸುಗಳನ್ನು ಓದುವ ಡ್ರೈವರು, ಮೇಲೆ ಹೇಳಿದ ಆಲ್‌ವಿನ್ನರ್ ಚಿಪ್ಪುಗಳ ಡ್ರೈವರು, ಇವೆರಡೂ ಆ ಚೌಕಟ್ಟಿನೊಡನೆಯೇ ಬಂದವು.

ಇನ್ನೂರು ಸಾಲು ತಾನೆ, ಬರೆದವನು ಬುದ್ಧಿವಂತನಾದರೆ ಸಾಕಲ್ಲವೆ? ಸಾಲದು. ಲಿನಕ್ಸಿನಲ್ಲಿ ಯಾರೂ ತಾವು ಬರೆದುದನ್ನು ತಾವೇ ಸೇರಿಸಿಬಿಡುವಂತಿಲ್ಲ. ಬರೆದುದನ್ನು ‘ಪ್ಯಾಚ್’, ಎಂದರೆ ತೇಪೆಯ ರೂಪದಲ್ಲಿ, ಆ ಭಾಗದ ಮೇಲ್ವಿಚಾರಕರಿಗೂ ಆಸಕ್ತರೆಲ್ಲರಿಗೂ ಬಹಿರಂಗವಾದ ಕಾಗದವಾಗಿ ಕಳುಹಿಸಬೇಕು. ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತ, ಮುಖ ಕಾಣದ ಜನರು ಅದನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳುವರು. ಬರೆದವನು ಉತ್ತರ ಕೊಡಬೇಕು, ಇಲ್ಲವೆ ತಿದ್ದಿ ಎರಡನೆಯ ಪ್ರತಿ ಕಳುಹಿಸಬೇಕು. ಎರಡು ಮೂರಾಗುವುದು, ಮೂರು ಏಳಾಗುವುದು. ಕೊನೆಗೆ ಒಪ್ಪಿತವಾದಾಗ ಬರೆದವನ ಸಹಿಯ ಕೆಳಗೆ ಪರಾಮರ್ಶಿಸಿದವರ ಹೆಸರೂ ಸೇರಿ ಶಾಶ್ವತವಾಗಿ ಉಳಿಯುವುದು. ಈ ಸಹಿಯ ಪದ್ಧತಿ ಬಂದುದು 2004ರಲ್ಲಿ. ಕರ್ನಲಿನ ಸಾಲುಗಳು ಯಾರ ಸ್ವತ್ತೆಂದು ಅಮೆರಿಕದ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿದ್ದ ಕಾಲವದು. ಬೆಂಗಳೂರಿಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಚಿಪ್ಪಿನ ವಿದ್ಯೆ ಅಲ್ಲಿ ಬೇರೂರಿತು. ಕರ್ನಲಿನ ಕೆಲಸಕ್ಕೂ ಅಲ್ಲಿಂದ ಕೈಗಳು ಸೇರಿದವು. ಕರ್ನಲಿನ ಮೇಲ್ವಿಚಾರಕರ ಪಟ್ಟಿಯಲ್ಲಿ ಕೆಪ್ರೋಬ್ಸ್ ಎಂಬ ಭಾಗದ ಎದುರಿಗೆ ಬಹುಕಾಲ ಅನಂತ ಮಾವಿನಕಾಯನಹಳ್ಳಿ ಎಂಬ ಹೆಸರಿದ್ದಿತು. ಅಚ್ಚಗನ್ನಡದ ಒಂದು ಹಳ್ಳಿಯ ಹೆಸರನ್ನು ಜಪಾನಿನವರೂ ಜರ್ಮನಿಯವರೂ ಎಷ್ಟು ಕಷ್ಟಪಟ್ಟು ಉಚ್ಚರಿಸಿರಬಹುದು!

ಪರಾಮರ್ಶಕರು ಕೇಳುವ ಪ್ರಶ್ನೆಗಳೇನು? ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವಂಥವು. ಸೊನ್ನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಸುಡದೆ ಉಳಿದ ಫ್ಯೂಸನ್ನು ಓದಿದರೆ ಸಾಮಾನ್ಯವಾಗಿ ಸೊನ್ನೆ ಬರುತ್ತದೆ. ಓದುವ ಯತ್ನವೇ ವಿಫಲವಾದಾಗಲೂ ಡ್ರೈವರು ಸುಮ್ಮನೆ ಸೊನ್ನೆಯನ್ನು ಒಪ್ಪಿಸಿದರೆ? ಕೇಳಿದವನಿಗೆ ‘ಇಲ್ಲಿ ಏನೂ ಬರೆದಿಲ್ಲ’ ಎಂಬುದಕ್ಕೂ ‘ನನಗೆ ಓದಲಾಗಲಿಲ್ಲ’ ಎಂಬುದಕ್ಕೂ ಭೇದ ತಿಳಿಯುವುದಿಲ್ಲ. ಅಂಚೆಯವನು ಪತ್ರವಿಲ್ಲವೆಂದು ಹೇಳುವುದು ಬೇರೆ, ಅಂಚೆಯವನೇ ಬಾರದಿರುವುದು ಬೇರೆಯಷ್ಟೆ. ಆದ್ದರಿಂದ ಸೋತಾಗ ಸೋತೆನೆಂದು ಬಾಯಿಬಿಟ್ಟು ಹೇಳುವ ದಾರಿ ಡ್ರೈವರಿನಲ್ಲಿದೆಯೇ ಎಂದು ಪರಾಮರ್ಶಕನು ಮೊದಲು ಹುಡುಕುತ್ತಾನೆ.

ಇನ್ನೊಂದು, ಗಡಿಯಾರದ ಪ್ರಶ್ನೆ. ಚಿಪ್ಪಿನ ಒಂದೊಂದು ಭಾಗಕ್ಕೂ ಒಂದು ಮಿಡಿತವನ್ನು ಕಳುಹಿಸುತ್ತಿರಬೇಕು. ಬ್ಯಾಟರಿ ಉಳಿಸಲೆಂದು ಬಳಸದ ಭಾಗದ ಮಿಡಿತವನ್ನು ನಿಲ್ಲಿಸಿರುತ್ತಾರೆ. ಹೀಗೆ ಮಲಗಿದ ಮೂಲೆಯ ಬಾಗಿಲನ್ನು ಎಬ್ಬಿಸದೆ ತಟ್ಟಿದರೆ ಕೆಲವು ಚಿಪ್ಪುಗಳಲ್ಲಿ ಇಡೀ ಯಂತ್ರವೇ ಕಲ್ಲಾಗಿ ನಿಂತುಬಿಡುವುದು. ಬರೆದವನ ಮೇಜಿನ ಮೇಲೆ ಅದು ಎಂದೂ ನಿಲ್ಲದೆ ಇದ್ದಿರಬಹುದು, ಏಕೆಂದರೆ ಅವನ ಯಂತ್ರದಲ್ಲಿ ಬೇರಾವುದೋ ಭಾಗ ಆ ಮಿಡಿತವನ್ನು ಚಾಲೂ ಇಟ್ಟಿದ್ದಿತು. ‘ನನ್ನಲ್ಲಿ ನಡೆಯುತ್ತದೆ’ ಎಂಬ ಮಾತಿಗೆ ಪರಾಮರ್ಶಕರಲ್ಲಿ ಬೆಲೆ ಕಡಮೆ.

ಮೂರನೆಯದು ಸಂಸಾರಸ್ಥರಿಗೆ ನೇರವಾಗಿ ಸಂಬಂಧಿಸಿದುದು. ಓದಿದ ಬರಹವನ್ನು ಯಾರಿಗೆ ತೋರಿಸಬೇಕು? ಡ್ರೈವರು ಅದನ್ನು ಒಂದು ಕಡತದಂತೆ ಮುಂದಿಡುತ್ತದೆ. ಆ ಕಡತವನ್ನು ಎಲ್ಲರೂ ನೋಡಬಹುದೆಂದು ಬಿಟ್ಟರೆ ಹೊರಗಿನ ಯಾವ ಕಾರ್ಯಕ್ರಮವಾದರೂ ಆ ಯಂತ್ರದ ಹುಟ್ಟುಸಂಖ್ಯೆಯನ್ನು ತಿಳಿದುಕೊಳ್ಳಬಲ್ಲುದು. ಗುಪ್ತಪದ ಬಯಲಾದರೆ ಬದಲಾಯಿಸಬಹುದು. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಆರಂಭಿಸಬಹುದು. ಸುಟ್ಟ ಸಂಖ್ಯೆಯನ್ನು ಬದಲಾಯಿಸುವವರಾರು? ಆದುದರಿಂದ ಯಂತ್ರದ ಒಡೆಯನಿಗೆ ಮಾತ್ರ ಕಾಣುವಂತೆ ಕಡತವನ್ನು ಮುಚ್ಚಿಡುವ ಒಂದು ಚಿಕ್ಕ ಗುರುತು ಎನ್‌ವಿಮೆಮ್ ಚೌಕಟ್ಟಿನಲ್ಲಿದೆ. ಅದನ್ನು ಹಾಕಲು ಮರೆಯುವುದು ಒಂದೇ ಒಂದು ಸಾಲಿನ ಲೋಪ. ಬರೆಯುವ ಬಾಗಿಲನ್ನು ಅನವಶ್ಯಕವಾಗಿ ತೆರೆದಿಟ್ಟರಂತೂ ಹೇಳುವುದೇ ಬೇಡ. ಅಲ್ಲಿ ಕೈತಪ್ಪಿದರೆ ಕ್ಷಮೆಯಿಲ್ಲ.

ಇಷ್ಟೆಲ್ಲ ನೋಡಿದರೂ ಕಣ್ಣು ತಪ್ಪುವುದುಂಟು. ಆಲ್‌ವಿನ್ನರ್ ಚಿಪ್ಪುಗಳ ಡ್ರೈವರಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಶೋಕನ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗುತ್ತವೆಂಬುದು ಸಾಮಾನ್ಯ ನಿಯಮ. ಆದರೆ ಬಳ್ಳಾರಿಯ ಸೀಮೆಗೆ ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯ ಮೇಲೆ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ, ಹೊಲ ಉಳುವ ಎತ್ತು ತಿರುಗಿದಂತೆ ತಿರುಗುತ್ತವೆ. ಅಕ್ಷರಗಳೆಲ್ಲ ಸ್ಪಷ್ಟ; ದಿಕ್ಕು ತಿಳಿಯದವನಿಗೆ ಅರ್ಥ ಮಾತ್ರ ದೊರೆಯದು. ಗಣಕಗಳಲ್ಲಿಯೂ ಇಂಥದೇ ದಿಕ್ಕಿನ ತೊಡಕುಂಟು. ನಾಲ್ಕು ಬೈಟುಗಳ ಒಂದು ಅಂಕಣವನ್ನು ಹಿರಿಯ ಬೈಟಿನಿಂದ ಆರಂಭಿಸಿ ಓದುವ ಸಂಪ್ರದಾಯ ಒಂದು, ಕಿರಿಯದರಿಂದ ಓದುವುದು ಇನ್ನೊಂದು. ಆಲ್‌ವಿನ್ನರ್ ಚಿಪ್ಪಿನ ಫ್ಯೂಸುಗಳನ್ನು ಓದುವ ಡ್ರೈವರನ್ನು 2013ರಲ್ಲಿ ಬರೆದಾಗ, ಬರಹ ಹಿರಿಯದು ಮೊದಲೆಂಬ ಕ್ರಮದಲ್ಲಿದೆಯೆಂದು ಭಾವಿಸಲಾಗಿತ್ತು. ಹಾಗೆಯೇ ಓದಿದರು. ಯಾರಿಗೂ ತಪ್ಪೆನಿಸಲಿಲ್ಲ. ಏಕೆ ಎನಿಸಬೇಕು? ಆಗ ಆ 16 ಬೈಟುಗಳನ್ನು ಮುಖ್ಯವಾಗಿ ಕ್ರಮಸಂಖ್ಯೆಯಾಗಿ ಬಳಸುತ್ತಿದ್ದರು. ಗುರುತಿನ ಸಂಖ್ಯೆಯನ್ನು ಹಿಂದುಮುಂದಾಗಿ ಓದಿದರೂ ಅದು ಗುರುತಿನ ಸಂಖ್ಯೆಯೇ. ಒಂದು ಚಿಪ್ಪಿನದು ಇನ್ನೊಂದಕ್ಕೆ ಬಾರದಿದ್ದರೆ ಸಾಕು.

ತಪ್ಪು ಹೊರಬಿದ್ದುದು ತಾಪದ ಅಂಕಿಗಳಿಂದ. ಚಿಪ್ಪಿನೊಳಗೆ ತಾಪ ಅಳೆಯುವ ಅಂಗಗಳು ಒಂದರಿಂದ ಮೂರರವರೆಗೆ ಇರುತ್ತವೆ; ಒಂದೊಂದಕ್ಕೂ ಎರಡು ಬೈಟುಗಳ ಒಂದು ಅಂಕಿ. ಎಂದರೆ ನಾಲ್ಕು ಬೈಟುಗಳ ಒಂದು ಅಂಕಣದಲ್ಲಿ ಎರಡು ಅಂಕಿಗಳು ಕೂರುತ್ತವೆ. ಹಳೆಯ ಕ್ರಮದಲ್ಲಿ ಓದಿದರೆ ಮೂರು ಅಂಗಗಳಿರುವ ಚಿಪ್ಪಿನಲ್ಲಿ ಮೊದಲು ಎರಡನೆಯದು, ಆಮೇಲೆ ಮೊದಲನೆಯದು, ಆಮೇಲೆ ಒಂದು ಬರಿದು ಜಾಗ, ಕೊನೆಗೆ ಮೂರನೆಯದು! ಪಂಕ್ತಿಯಲ್ಲಿ ಎಲೆ ಹಾಕುವವನು ನಡುವೆ ಒಂದು ಎಲೆಯನ್ನು ಖಾಲಿ ಬಿಟ್ಟು ಮುಂದೆ ಹೋದಂತೆ. ಬುದ್ಧಿಯುಳ್ಳ ಯಾವ ಕಾರ್ಖಾನೆಯವನು ಹೀಗೆ ಬರೆದಾನು? ದಿಕ್ಕನ್ನು ಬದಲಿಸಿ ಓದಿದರೆ ಒಂದು, ಎರಡು, ಮೂರು ಎಂದು ಸರಿಯಾಗಿ ಸಾಲುಗೂಡುತ್ತವೆ. ಬರಿದು ಜಾಗ ತಾನಾಗಿ ಕೊನೆಗೆ ಸರಿಯುತ್ತದೆ. 2019ರಲ್ಲಿ ಚೆನ್‌ಯು ತ್ಸಾಯ್ ಎಂಬ ಕರ್ನಲ್ ಕುಶಲಿ ಈ ಸಾಕ್ಷ್ಯವನ್ನು ಮುಂದಿಟ್ಟು ಓದುವ ಕ್ರಮವನ್ನು ತಿದ್ದಿದರು. ಕಂದಗಟ್ಲ ಅವರ ಒಪ್ಪಿಗೆಯಿಂದ ಅದು ಕರ್ನಲನ್ನು ಸೇರಿತು. ಮರುವರ್ಷ, 2020ರಲ್ಲಿ, ಈ ಅಂಕಿಗಳನ್ನು ನೆಚ್ಚಿ ತಾಪ ಅಳೆಯುವ ಡ್ರೈವರೂ ಲಿನಕ್ಸಿಗೆ ಬಂದಿತು. ಆರು ವರ್ಷ ಒಂದು ಶಾಸನವನ್ನು ತಲೆಕೆಳಗಾಗಿ ಓದಿ, ಒಂದು ಖಾಲಿ ಜಾಗದಿಂದ ಎಚ್ಚೆತ್ತುಕೊಂಡರೆಂದಾಯಿತು. ಶಾಸನಗಳನ್ನು ಓದುವ ವಿದ್ವಾಂಸರಿಗೆ ಈ ರೀತಿ ಅಪರಿಚಿತವಲ್ಲ. ಎಲ್ಲಿ ಪಾಠ ಮುರಿಯುತ್ತದೆಯೋ ಅಲ್ಲಿಯೇ ಅವರೂ ಭೂತಗನ್ನಡಿ ಹಿಡಿಯುತ್ತಾರೆ.

ಇದೇ ಸಂಸ್ಥೆಯ ಎಚ್‌3 ಎಂಬ ಚಿಪ್ಪಿನದು ಇನ್ನೂ ವಿಚಿತ್ರ. ಅಲ್ಲಿ ಬರಹ ಸರಿಯಾಗಿಯೇ ಇದೆ. ಆದರೆ ಸಾಮಾನ್ಯವಾಗಿ ಓದುವ ಕಿಟಕಿಯಿಂದ ನೋಡಿದರೆ ಕಾಣುವ ಅಂಕಿಗಳು ನಂಬತಕ್ಕವಲ್ಲ. ಕಿಟಕಿಯ ಗಾಜೇ ಸುಳ್ಳು ಹೇಳುತ್ತದೆ. ಆದಕಾರಣ ಆ ಚಿಪ್ಪಿನ ಮಟ್ಟಿಗೆ ಡ್ರೈವರು ಹಿತ್ತಲ ಬಾಗಿಲಿನಿಂದ ಹೋಗಿ, ಒಂದೊಂದು ಅಂಕಣವನ್ನೂ ಕೇಳಿ ಕೇಳಿ ಪಡೆಯುತ್ತದೆ. ಏಕೆ ಹೀಗೆಂದು ಮುಂದೆ ಬರುವವರಿಗೆ ತಿಳಿಯಲೆಂದು ಒಂದೆರಡು ಸಾಲಿನ ಟಿಪ್ಪಣಿಯನ್ನು ಅಲ್ಲಿಯೇ ಬರೆದಿಟ್ಟಿದ್ದಾರೆ. ಆ ಟಿಪ್ಪಣಿ ಇಲ್ಲದಿದ್ದರೆ, ನಾಳೆ ಯಾವನೋ ಜಾಣನು ಈ ಸುತ್ತುದಾರಿ ಏತಕ್ಕೆಂದು ಅಳಿಸಿಬಿಡುತ್ತಿದ್ದನು. ಹಳೆಯ ಮನೆಯ ಗೋಡೆಯಲ್ಲಿ ಮೊಳೆಯೊಂದು ಏಕಿದೆಯೆಂದು ತಿಳಿಯದೆ ಕಿತ್ತು, ಮರುದಿನ ಅಟ್ಟದ ಹಲಗೆ ಬಿದ್ದ ಮೇಲೆ ಬುದ್ಧಿ ಕಲಿತವರು ನಮ್ಮಲ್ಲಿ ಕಡಮೆಯೆ?

ತಾಪದ ಅಂಕಿ ತಪ್ಪಾದರೆ ಆಗುವುದೇನೆಂದು ಕೇಳಬಹುದು. ಇರುವುದಕ್ಕಿಂತ ಹೆಚ್ಚು ಬಿಸಿಯೆಂದು ಬಗೆದರೆ ಯಂತ್ರ ಕಾರಣವಿಲ್ಲದೆ ಮಂದವಾಗುವುದು. ಕುಸ್ತಿ ಅರ್ಧಕ್ಕೇ ನಿಲ್ಲುವುದು. ಕಡಮೆಯೆಂದು ಬಗೆದರೆ ಬೇಯುತ್ತಿದ್ದರೂ ಓಡುತ್ತಲೇ ಇರುವುದು. ಬ್ಯಾಟರಿಯ ಆಯುಸ್ಸು ಸವೆಯುವುದು. ಕೊಂಡವನಿಗೆ ಇದರ ಕಾರಣ ಎಂದಿಗೂ ಗೊತ್ತಾಗುವುದಿಲ್ಲ. ಅಗ್ಗದ ಮಾಲು ಎಂದು ಬೈದು, ಇನ್ನೊಂದಕ್ಕೆ ಹಣ ಹೊಂದಿಸುತ್ತಾನೆ. ಸಾಂಬ್ರಾಣಿಯಂಥ ಊರಿನಲ್ಲಿ ಆ ಹಣವೆಂದರೆ ಒಂದು ಮನೆಯ ಎಷ್ಟೋ ದಿನದ ದುಡಿಮೆ.

ಪರಾಮರ್ಶೆಯೆಂಬ ಈ ವ್ಯವಸ್ಥೆಯಲ್ಲಿ ಎಲ್ಲವೂ ಹೂವೆತ್ತಿದಂತಿದೆಯೆಂದು ಭಾವಿಸಬಾರದು. ಬರೆಯುವವರು ಬಹಳ, ಓದಿ ತೂಗುವವರು ಕೆಲವರು. ಬರೆದವನಿಗೆ ಕೀರ್ತಿ, ತಪ್ಪು ಹಿಡಿದವನಿಗೆ ಅನೇಕ ವೇಳೆ ಕೋಪವೇ ಸಂಭಾವನೆ. ಮಾತಿನ ಖಾರವೂ ವಿಪರೀತವಾಗಿತ್ತು. 2018ರ ಸೆಪ್ಟೆಂಬರಿನಲ್ಲಿ ಸ್ವತಃ ಟೊರ್ವಾಲ್ಡ್ಸ್ ಅವರೇ ತಮ್ಮ ಒರಟು ಮಾತುಗಳಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ಕಾಲ ಕೆಲಸದಿಂದ ದೂರವಿದ್ದರು. ಇದು ದೊಡ್ಡತನವೇ ಸರಿ. ಆದರೂ ಆ ಖಾರದಿಂದ ಬಾಯಿ ಸುಟ್ಟುಕೊಂಡು ಮತ್ತೆ ಈ ಕಡೆ ತಲೆಹಾಕದೆ ಹೋದ ಹುಡುಗರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ನಮ್ಮ ಕಡೆಯ ವಿದ್ಯಾರ್ಥಿಗಳಿಗಾದರೋ ಇಂಗ್ಲಿಷಿನಲ್ಲಿ ಬರೆದು ಅಪರಿಚಿತರೊಡನೆ ವಾದಿಸಬೇಕೆಂಬ ಸಂಕೋಚವೇ ಮೊದಲ ಅಡ್ಡಗೋಡೆ. ನಾಲ್ಕು ಜನರ ಮುಂದೆ ತಪ್ಪು ಹೇಳಿಸಿಕೊಳ್ಳುವುದು ಅವಮಾನವೆಂದು ನಾವು ಮಕ್ಕಳಿಗೆ ಎಳೆತನದಿಂದಲೇ ಕಲಿಸಿದ್ದೇವೆ. ಇಲ್ಲಿಯೋ, ಏಳು ಸಲ ತಪ್ಪು ಹೇಳಿಸಿಕೊಂಡು ಎಂಟನೆಯ ಪ್ರತಿಯನ್ನು ಕಳುಹಿಸಿದವನ ಹೆಸರೇ ದಾಖಲೆಯಲ್ಲಿ ಉಳಿಯುವುದು.

ಹಳಿಯಾಳದಲ್ಲಿ ಓದುವ ಆ ಹುಡುಗಿಗೆ ಇದೆಲ್ಲ ತೆರೆದೇ ಇದೆ. ಕರ್ನಲಿನ ಸಾಲುಗಳು ಬಯಲಲ್ಲಿವೆ, ಪರಾಮರ್ಶಕರ ಪ್ರಶ್ನೆಗಳೂ ಬಯಲಲ್ಲಿವೆ, ಬರೆದವರು ತಡವರಿಸಿ ಕೊಟ್ಟ ಉತ್ತರಗಳೂ ಇವೆ. ಯಾರ ಅಪ್ಪಣೆಯನ್ನೂ ಕೇಳದೆ ಓದಬಹುದು. ಒಂದು ದಿನ ಎಲ್ಲಿಯೋ ಒಂದು ಖಾಲಿ ಎಲೆ ಅವಳ ಕಣ್ಣಿಗೆ ಬೀಳಲೂಬಹುದು.

ಅಷ್ಟರಲ್ಲಿ ಕಟ್ಟೆಯ ನೆರಳಿನಲ್ಲಿ ಮೊಬೈಲು ತಣಿದು ಪರದೆ ಮತ್ತೆ ಬೆಳಗಿತು. ಅಜ್ಜನವರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು. ಅಖಾಡ ಬರಿದಾಗಿತ್ತು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು.

“ಯಾರು ಗೆದ್ದರ ಅವ್ವಾ?” ಎಂದರು.

“ತಡೀರಿ ಅಜ್ಜಾ, ಹಿಂದಕ್ಕ ಸರಿಸಿ ತೋರಿಸ್ತೀನಿ” ಎನ್ನುತ್ತ ಹುಡುಗಿ ಪಕ್ಕದಲ್ಲಿ ಕುಳಿತಳು.